ಡಾಕ್ಟರ್ ಸಾಹೇಬರ ಕಾರು ಕುದ್ದದ್ದು

ಇಂಜಿನ್ ಕುದ್ದರ ನೀರು ಹಾಕಿ ಆರಿಸಬಹುದು. ಅದರ ಬಗ್ಗೆ ಬುದ್ಧಿ ಹೇಳಲಿಕ್ಕೆ ಬರೋ ಮಂದಿಗೆ ಏನು ಹಾಕಬೇಕೋ ನನಗ ಇವತ್ತಿಗೂ ಗೊತ್ತಾಗಿಲ್ಲ. ನಿಜಾಮರ ಆಳ್ವಿಕೆ ಹೋದ ಹೊಸದರಾಗ ನಾನು ಚಿತ್ತಾಪುರದ ಒಬ್ಬ ಡಾಕ್ಟರ್ ಸಾಹೇಬರ ಡ್ರೈವರ್ ಇದ್ದೆ. ಯಾರೋ ಜಾಗೀರದಾರ ಮಾರಿ ಹೋದ ಹಳೇ ವಿಲಾಯತಿ ಕಾರು. ರೇಡಿಯೇಟರ್ ಸೋರುತ್ತಿತ್ತು. ಬದಲಿ ಮಾಡಿಸ್ರಿ ಅಂತ ಬಾಯಿ ಬಡಕೊಂಡೆ, ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

೧

ಶಹಾಬಾದದ ಫರಸಿ ಕಲ್ಲಿನ ಖಣಿ ಹತ್ತಿರ ಬಾನೆಟ್ಟಿನಿಂದ ಉಗಿ ಎದ್ದಿತು. "ಅರ್ಧ ತಾಸು ಯಾರೂ ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ್ರಿ, ಬಿಸಿನೀರು ಮೈಮ್ಯಾಲ ಹಾರತದ" ಅಂತ ಹೇಳಿ, ಕೊಡ ಹಿಡಿದು ಬಾವಿಗೆ ಹೋದೆ. ತಿರುಗಿ ಬರೋದರಾಗ ನಮ್ಮ ಕಂಪೌಂಡರ್ ಮುಚ್ಚಳ ತಿರುವಿದ್ದ. ಪುಣ್ಯಕ್ಕ ಮುಖ ಉಳಿದಿತ್ತು, ಕೈಮ್ಯಾಲ ಗುಳ್ಳಿ ಎದ್ದಿದ್ದವು. ಡಾಕ್ಟರ್ ಸಾಹೇಬರು ಮುಲಾಮು ಹಚ್ಚಲಿಕತ್ತಿದ್ದರು.

"ಮುಟ್ಟಬ್ಯಾಡ್ರಿ ಅಂದಿದ್ದೆನಲ್ರಿ" ಅಂದೆ.

"ನೀ ಹೇಳಿದ್ದು ಖರೇನೋ ಸುಳ್ಳೋ ನೋಡಬೇಕಲ್ಲ" ಅಂದ.

೨

ಸೋರೋ ಜಾಗಕ್ಕ ಬೆಸುಗೆ ಹಾಕು ಅಂತ ಹೇಳಿ ವಾಡಿ ಊರಾಗ ಒಬ್ಬ ಮಿಸ್ತ್ರಿ ಕಡೆ ಗಾಡಿ ಬಿಟ್ಟು ಚಹಾಕ್ಕ ಹೋಗಿದ್ದೆ. ಅದೇ ನನ್ನ ತಪ್ಪು. ಅವ ರೇಡಿಯೇಟರಿಗೆ ಒಂದು ಬೊಗಸಿ ಜೋಳದ ಹಿಟ್ಟು ಸುರಿದಿದ್ದ. ಹಿಟ್ಟು ಉಬ್ಬಿ ತೂತು ಮುಚ್ಚತದಂತ. ತೂತೇನೋ ಮುಚ್ಚಿತು. ಎರಡು ಮೈಲಿ ಹೋಗೋದರಾಗ ಗಾಡಿ ಮೊದಲಿಗಿಂತ ಜೋರು ಕುದೀತು. ದಬ್ಬಿಕೊಂಡು ವಾಪಸ್ ತಂದು, ಅವನ ಎದುರಿಗೇ ಕೆಳಗಿನ ಪೈಪು ಬಿಚ್ಚಿದೆ. ದಪ್ಪ ಅಂಬಲಿ ಇಳೀತು.

"ಸೋರೋದು ನಿಂತದೋ ಇಲ್ಲೋ?" ಅಂತ ಕೇಳಿದ.

"ನೀರು ಓಡೋದೂ ನಿಂತದ" ಅಂತ ಬೈದೆ.

ಅವ ಅಂಬಲಿ ನೋಡಿ ಬ್ಯಾಸರ ಮಾಡಿಕೊಂಡ. "ಹಿಟ್ಟು ನಮ್ಮ ಮನೀದು. ನೀ ಯಾಕ ಸಿಟ್ಟಿಗೇಳತಿ?"

೩

ಬಿರುಬ್ಯಾಸಗಿ. ಚಿಂಚೋಳಿಯೊಳಗ ಒಬ್ಬ ಹೆಣ್ಣುಮಗಳು ಹೆರಿಗಿಗೆ ಭಾಳ ತ್ರಾಸ ಪಡಲಿಕತ್ತಾಳ ಅಂತ ಸುದ್ದಿ ಬಂತು. ಹೊರಟೆವು. ಸೇಡಂದಾಗ ಹೈದರಾಬಾದಿನಿಂದ ಬಂದ ಒಬ್ಬ ದೊಡ್ಡ ಅಧಿಕಾರಿ, "ನಾನೂ ಅಲ್ಲಿಗೇ" ಅಂತ ಗುಂಡಿ ಹಾಕಿದ ಶೇರವಾನಿಯೊಳಗ ನನ್ನ ಬಾಜೂಕ ಬಂದು ಕುಂತರು.

ಏರು ಬಂದಂಗ ಇಂಜಿನ್ ಕಾಯಲಿಕತ್ತಿತು. ಆರಿಸಿ ನೀರು ಹಾಕಲಿಕ್ಕೆ ನಿಲ್ಲಿಸಿದರ ಒಂದು ತಾಸು ಹೋಗತದ. ಥಂಡಿ ದೇಶದ ಕಾರು, ಅದರಾಗ ಹೀಟರ್ ಇತ್ತು. ಹಚ್ಚಿದರ ಇಂಜಿನ್ ಕಾವು ಎಳಕೊಂಡು ಒಳಗ ಕುಂತವರ ಮ್ಯಾಲ ಬಿಡತಿತ್ತು.

"ಸಾಹೇಬ್ರ, ಹೀಟರ್ ಹಚ್ಚಿದ್ರ ಇಂಜಿನ್ ಉಳೀತದ. ನಾವು ಬೇಯತೀವಿ" ಅಂದೆ.

"ಹಚ್ಚು. ಅಲ್ಲಿ ಎರಡು ಜೀವ ಅವ" ಅಂದರು ಡಾಕ್ಟರ್ ಸಾಹೇಬರು.

ಅಧಿಕಾರಿ ನನ್ನ ಮ್ಯಾಲ ಹರಿಹಾಯ್ದರು. "ಇಂಥಾ ಬಿಸಲಾಗ ಹೀಟರೇನೋ? ಬಂದ್ ಮಾಡು."

ನನಗೂ ತಲಿ ಕೆಟ್ಟಿತ್ತು. "ಬಂದ್ ಮಾಡಿದ್ರ ನೀವು ಇಳಿದು ದಬ್ಬಬೇಕಾಗತದ್ರಿ" ಅಂದೆ.

ಅವರು ಒಂದೊಂದೇ ಗುಂಡಿ ಬಿಚ್ಚಿದರು. ಚಿಂಚೋಳಿ ಮುಟ್ಟೋದರಾಗ ಶೇರವಾನಿ ತೊಡಿಮ್ಯಾಲಿತ್ತು, ಬನಿಯನ್ನಿನಿಂದ ನೀರು ಇಳೀತಿತ್ತು. ಇಂಜಿನ್ ಮಾತ್ರ ಕುದೀಲಿಲ್ಲ.

ಮನಿ ಮುಂದ ಗಾಡಿ ನಿಂತಾಗ ಒಳಗಿನಿಂದ ಕೂಸು ಅಳೋದು ಕೇಳಿಸಿತು. ಊರ ಸೂಲಗಿತ್ತಿ ನಮಗಿಂತ ಮೊದಲ ಹೆರಿಗಿ ಮಾಡಿಸಿ ಗೆದ್ದಿದ್ದಳು. ಅಧಿಕಾರಿ ನನ್ನ ಹೆಗಲಿಗೆ ಜೋತುಬಿದ್ದು ಇಳಿದರು. ಬಾಣಂತಿಯ ಅತ್ತಿ ಹೊರಗ ಬಂದು ಅವರನ್ನ ನೋಡಿದ್ದೇ, ಅಂಗಳದಾಗ ಮಲಗಲಿಕ್ಕೆ ಹೊರಸು ಹಾಕಿದಳು.

"ನಮ್ಮ ಹುಡುಗಿ ಆರಾಮ ಅದಾಳ್ರಿ ಡಾಕ್ಟರ್ ಸಾಹೇಬ್ರ. ಮೊದಲ ಇವರನ್ನ ನೋಡ್ರಿ. ಭಾಳ ತಡಾ ಮಾಡಿ ಕರಕೊಂಡು ಬಂದೀರಿ."