ಪಾಲುಪಟ್ಟಿಯಲ್ಲೊಂದು ಕೆಮ್ಮಣ್ಣುಗುಂಡಿ

"ನೀವು ಯಾವ್ಯಾವ ಊರು ನೋಡಿದೀರಿ?" ಎಂದು ಯಾರಾದರೂ ಕೇಳಿದರೆ ನಮ್ಮತ್ತೆ "ಏಳು ಸಲ" ಎಂದು ಉತ್ತರ ಕೊಡುತ್ತಿದ್ದಳು. ಮರುವರ್ಷ ಕೇಳಿದರೆ "ಎಂಟು ಸಲ". ಕೇಳಿದ್ದು ಊರಿನ ಹೆಸರು, ಕೊಟ್ಟದ್ದು ಸಲದ ಲೆಕ್ಕ! ಕೇಳಿದವರು ಪೆಚ್ಚಾಗಿ ನಮ್ಮ ಮುಖ ನೋಡುತ್ತಿದ್ದರು. ನಾವೇನು ಮಾಡೋಣ? ರಜೆಗೆ ಹೋಗಲೆಂದು ದೇವರು ಈ ಭೂಮಿಯ ಮೇಲೆ ಸೃಷ್ಟಿ ಮಾಡಿದ್ದು ಕೆಮ್ಮಣ್ಣುಗುಂಡಿ ಒಂದನ್ನೇ, ಮಿಕ್ಕ ಊರುಗಳೆಲ್ಲ ಶಾಲೆಯ ಭೂಪಟ ತುಂಬಿಸಲು ಇರುವಂಥವು ಎಂಬುದು ಅವಳ ನಂಬಿಕೆ. "ಮಹಾರಾಜರಿಗೇ ಸಾಕಾಗಿದ್ದ ಬೆಟ್ಟ, ಸಿಂಗಟಗೆರೆಯೋರಿಗೆ ಸಾಲದಾ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದರೆ, ಎದುರು ಮಾತಾಡುವ ಗಂಡಸು ಕಡೂರು ತಾಲ್ಲೂಕಿನಲ್ಲೇ ಇರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಮೂವರಲ್ಲಿ ಅವಳೇ ಹಿರಿಯಳು, ಆಮೇಲೆ ದೊಡ್ಡಪ್ಪ, ಕೊನೆಯವನು ನಮ್ಮಪ್ಪ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮಂದಿರ ಮೂಗು ಒರೆಸಿ, ಉಣ್ಣಿಸಿ, ಮದುವೆ ಮಾಡಿಸಿದವಳು. ಆ ತಮ್ಮಂದಿರು ದೊಡ್ಡವರಾಗಿ ಏನು ಘನಕಾರ್ಯ ಮಾಡಿದರು? ಬಾವಿಯ ಪಂಪ್‌ಸೆಟ್ಟಿಗಾಗಿ ಜಗಳ ಆಡಿದರು! ತೆಂಗಿನ ತೋಟಕ್ಕೆ ಮೊದಲು ಯಾರು ನೀರು ಬಿಡಬೇಕು ಎಂಬಲ್ಲಿ ಶುರುವಾದದ್ದು, "ಇನ್ಮೇಲೆ ನಿನ್ ಜತೆ ಮಾತಾಡಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ" ಎಂಬಲ್ಲಿಗೆ ಬಂದು ನಿಂತಿತು. ಇಬ್ಬರ ಅಪ್ಪನೂ ಒಬ್ಬನೇ ಎಂಬುದು ಆ ಸಿಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಮನೆಯ ನಡುವೆ ಗೋಡೆ ಎದ್ದಿತು. ಅತ್ತೆ ಆರು ತಿಂಗಳು ಗೋಡೆಯ ಈಚೆ, ಆರು ತಿಂಗಳು ಆಚೆ ಎಂದಾಯಿತು. ಗೋಡೆಯ ಯಾವ ಕಡೆ ಕೂತರೂ ಊಟ ಅವಳಿಗೆ ರುಚಿಸುತ್ತಿರಲಿಲ್ಲ.

ಕಡೂರಿನಲ್ಲಿ ಪಾಲುಪಟ್ಟಿ ಬರೆಸಿದ ದಿನ ಸಾಕ್ಷಿ ಹಾಕಲು ಅವಳೂ ಬಸ್ಸು ಹತ್ತಿದ್ದಳು. ತೋಟ, ಹೊಲ, ದನ, ಬಿಸಿನೀರಿನ ಹಂಡೆ, ಎಲ್ಲ ಬರೆದದ್ದಾಯಿತು. ಪತ್ರ ಬರೆಯುವವರು ಪೆನ್ನು ಕೊಟ್ಟರೆ ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳಂತೆ.

"ನಂದೂ ಒಂದು ಬರ್ಕಳಿ ಸ್ವಾಮಿ. ವರ್ಷಕ್ಕೆ ಐದು ದಿನ ಎರಡೂ ಮನೆಯೋರು ಒಟ್ಟಿಗೆ ನನ್ ಜತೆ ಕೆಮ್ಮಣ್ಣುಗುಂಡಿಗೆ ಬರ್ಬೇಕು."

"ಅಮ್ಮಾ, ಇದು ಆಸ್ತಿ ಪತ್ರ ಕಣಮ್ಮ. ಅದನ್ನ ಎಲ್ಲಿ ಅಂತ ಬರೀಲಿ?"

"ಚಕ್ಕುಬಂದಿ ಬರೀತೀರಲ್ಲ, ಅದ್ರ ಕೆಳಗೆ ಬರೀರಿ. ಪೂರ್ವಕ್ಕೆ ಅವ್ನು, ಪಶ್ಚಿಮಕ್ಕೆ ಇವ್ನು, ಮಧ್ಯದಾಗೆ ನಾನು."

ಬರೆಯದೆ ವಿಧಿಯಿರಲಿಲ್ಲ. ಹೀಗೆ ನಮ್ಮ ವಂಶದಲ್ಲಿ ಹೊಲಕ್ಕೂ ಹಂಡೆಗೂ ಪಾಲಾಯಿತು, ಕೆಮ್ಮಣ್ಣುಗುಂಡಿ ಮಾತ್ರ ಪಾಲಾಗದೆ ಉಳಿಯಿತು.

ಮೊದಲ ಎರಡು ವರ್ಷ ಮಕ್ಕಳಿಗೆಲ್ಲ ಖುಷಿಯೋ ಖುಷಿ. ಮೂರನೆಯ ವರ್ಷಕ್ಕೆ ನಾನೂ ದೊಡ್ಡಪ್ಪನ ಮಗಳೂ ಗೋಡೆಯ ಸಂದಿಯಲ್ಲಿ ಮಾತಾಡಿಕೊಂಡು, ಅತ್ತೆಯ ಮುಂದೆ ಅಹವಾಲು ಇಟ್ಟೆವು. ಮೈಸೂರಿಗೆ ಹೋಗೋಣ, ಝೂ ಇದೆ, ಅರಮನೆ ಇದೆ!

ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. "ಆಗ್ಲಿ ಕಣ್ರೇ. ಎಷ್ಟು ಗಂಟೆ ಬಸ್ಸು, ಎಲ್ಲಿ ಇಳ್ಕಳಾದು, ಯಾರು ಏನು ಬುತ್ತಿ ಕಟ್ಟಾದು, ಇದನ್ನೆಲ್ಲ ಕೂತು ಮಾತಾಡ್ಬೇಕಲ್ಲ? ಯಾರು ಮಾತಾಡ್ತಾರೆ? ನಿಮ್ಮಪ್ಪನಾ, ಇವಳಪ್ಪನಾ?"

ನಾವೂ ಕೂತು ಅವರೆಕಾಯಿ ಸುಲಿಯತೊಡಗಿದೆವು.

"ಹೊಸ ಊರಿಗೆ ಹೋಗಕ್ಕೆ ಮಾತು ಬೇಕು. ಹಳೇ ಊರಿಗೆ ಕಾಲಿದ್ರೆ ಸಾಕು. ನಂಗೆ ಅವ್ರಿಬ್ರೂ ಒಂದು ಜಗಲಿ ಮೇಲೆ ಕೂತಿರಾದು ಮುಖ್ಯ. ಒಂದಲ್ಲ ಒಂದು ದಿನ ಬಾಯಿ ಬಿಟ್ಟೇ ಬಿಡ್ತಾರೆ, ನೋಡ್ತಿರಿ."

ಎಲ್ಲವೂ ಪ್ರತಿ ಸಲ ಒಂದೇ ಥರ ಯಾಕೆ ಎಂದು ಆಗ ನನಗೆ ಅರ್ಥವಾಯಿತು. ಪ್ರತಿ ವರ್ಷ ಪರೀಕ್ಷೆ ಮುಗಿದ ಮೊದಲ ಶನಿವಾರ, ಅದೇ ಬಸ್ಸು, ತರೀಕೆರೆಯಲ್ಲಿ ಇಳಿದು ಲಿಂಗದಹಳ್ಳಿ ದಾಟಿ ಘಾಟಿ ಹತ್ತುವ ಅದೇ ಇನ್ನೊಂದು ಬಸ್ಸು, ಬೆಟ್ಟದ ಮೇಲೊಂದು ಬಂಗಲೆಯಲ್ಲಿ ಅವೇ ಎರಡು ರೂಮು. ಮೊದಲ ದಿನ ಬುತ್ತಿಯ ರೊಟ್ಟಿ, ಎರಡನೇ ದಿನ ಉಪ್ಪಿಟ್ಟು. ಒಮ್ಮೆ ಅಮ್ಮ ಬೇಜಾರಾಗಿ ಎರಡನೇ ದಿನ ಚಿತ್ರಾನ್ನ ಕಲಸಿಬಿಟ್ಟಳು. ಅತ್ತೆ ಎದೆ ಹಿಡಿದುಕೊಂಡಳು! ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಏನೂ ಕೇಳದೆ ರಜೆ ಕಳೆಯಬೇಕಾದರೆ ಉಪ್ಪಿಟ್ಟು ಕೂಡ ಅಲುಗಾಡುವ ಹಾಗಿರಲಿಲ್ಲ.

ಈ ಪದ್ಧತಿಯಿಂದ ನನ್ನ ವಿದ್ಯಾಭ್ಯಾಸಕ್ಕೆ ಪೆಟ್ಟು ಬಿತ್ತು. "ನಾನು ಕಂಡ ಪ್ರವಾಸಿ ತಾಣ" ಎಂದು ಪ್ರತಿ ವರ್ಷ ಪ್ರಬಂಧ ಬರೆಸುತ್ತಿದ್ದ ಮೇಷ್ಟ್ರು ನಾಲ್ಕನೆಯ ಸಲ ನನ್ನ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಮ್ಮಾ, ಹೋದ ವರ್ಷದ ಪುಸ್ತಕಾನೇ ತಂದಿದೀಯಾ?" ಎಂದರು. ಇಲ್ಲ ಸಾರ್, ಹೋದ ವರ್ಷದ ಬೆಟ್ಟ ಎಂದೆ. ಇಡೀ ತರಗತಿ ನಕ್ಕಿತು.

ಇನ್ನು ಬೆಟ್ಟದ ಮೇಲೆ ನಡೆಯುತ್ತಿದ್ದ ಸಂಭಾಷಣೆಯನ್ನು ಕೇಳಬೇಕು! ಸಂಜೆ ಜಗಲಿಯ ಕಲ್ಲು ಬೆಂಚಿನ ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ದೊಡ್ಡಪ್ಪ, ನಡುವೆ ಅತ್ತೆ. ಅವಳೇ ಅಂಚೆ ಕಚೇರಿ.

"ಅಕ್ಕಾ, ನೀರು ಕಾದೈತಾ ಕೇಳು" ಎನ್ನುತ್ತಿದ್ದ ಅಪ್ಪ.

"ಕಾದೈತೆ ಅಂತ ಹೇಳಕ್ಕಾ."

"ಮೊದ್ಲು ಯಾರು ಹೋಗಾದು ಅಂತ ಕೇಳು."

"ಅವ್ನೇ ಹೋಗ್ಲಿ ಅಂತ ಹೇಳು. ನೀರು ಮೊದ್ಲು ಅವ್ನಿಗೇ ಬೇಕಲ್ಲ ಯಾವಾಗ್ಲೂ!"

ಇಬ್ಬರ ನಡುವೆ ಇದ್ದದ್ದು ಎರಡು ಮೊಳ ದೂರ. ಒಂದು ಸಂಜೆ ಅತ್ತೆ ಕೂತಲ್ಲೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಿದ್ದಳು. ಅಪ್ಪ ಆಕಾಶ ನೋಡಿ, "ಅಕ್ಕಾ, ಮೋಡ ಆಗ್ತೈತೆ ಅಂತ ಹೇಳು" ಎಂದ. ಅತ್ತೆಯ ಗೊರಕೆ ಮುಂದುವರಿಯಿತು. ದೊಡ್ಡಪ್ಪನೂ ಕತ್ತೆತ್ತಿ ನೋಡಿ, "ನೋಡ್ದೆ ಅಂತ ಹೇಳಕ್ಕಾ" ಎಂದ! ನಾವು ಮಕ್ಕಳು ಬಂಗಲೆಯ ಹಿಂದಕ್ಕೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಚ್ಚರವಾದ ಮೇಲೆ ಅತ್ತೆಗೆ ಹೇಳಿದರೆ ಅವಳು ನಗಲಿಲ್ಲ. "ಮಾತು ಬಾಯಿ ತುದಿಗೆ ಬಂದೈತೆ ಕಣ್ರೇ" ಎಂದಳು, ಮುಖ ಅರಳಿಸಿಕೊಂಡು. ಎಂಟನೆಯ ವರ್ಷದವರೆಗೂ ಅದು ತುದಿಯಲ್ಲೇ ಇತ್ತು.

ಒಂಬತ್ತನೆಯ ವರ್ಷ, ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಅತ್ತೆಗೆ ಎದೆನೋವು ಬಂದು, ಡಾಕ್ಟರು ಉಪ್ಪು ಕಡಿಮೆ ಮಾಡಿ, ಭಾರ ಎತ್ತಬೇಡಿ, ಹುಷಾರಾಗಿರಿ ಎಂದು ಗಂಭೀರವಾಗಿ ಹೇಳಿ ಕಳಿಸಿದ್ದರು. ಬಂಗಲೆಯಲ್ಲಿ ರೂಮಿಗಾಗಿ ಪ್ರತಿ ವರ್ಷ ಕಾಗದ ಬರೆಯುತ್ತಿದ್ದವಳು ಅವಳೇ. ಈ ಸಲ "ಆ ಕಡೆಯೋರು ಬರೀತಾರಂತೆ" ಎಂದು ನಮ್ಮಪ್ಪನಿಗೆ ಹೇಳಿ ಹೊದ್ದು ಮಲಗಿಬಿಟ್ಟಳು.

ಶನಿವಾರ ಬಂತು. ಹನ್ನೊಂದು ಜನ ಗಂಟುಮೂಟೆ ಸಮೇತ ಬೆಟ್ಟದ ಮೇಲೆ ಇಳಿದು ನೋಡಿದರೆ, ನಮ್ಮ ಜಗಲಿಯ ಮೇಲೆ ಯಾರೋ ಟವೆಲ್ಲು ಒಣಗಿಸಿದ್ದಾರೆ! ಬಂಗಲೆ ನೋಡಿಕೊಳ್ಳುವವನು ಓಡಿಬಂದು ಕೈ ಕೈ ಹಿಸುಕಿಕೊಂಡ. "ಈ ಸಲ ನಿಮ್ಮ ಕಾಗ್ದಾನೇ ಬರ್ಲಿಲ್ವಲ್ಲ ಬುದ್ಧೀ. ಬರಲ್ವೇನೋ ಅಂತ ರೂಮು ಬೇರೆಯೋರಿಗೆ ಕೊಟ್ಬುಟ್ಟೆ." ಕೆಳಗಿಳಿಯುವ ಕೊನೆಯ ಬಸ್ಸಿಗೆ ಇನ್ನು ಅರ್ಧ ಗಂಟೆ.

ಅಪ್ಪ ಆಕಾಶ ನೋಡಿದ. "ಅಕ್ಕಾ, ಯಾಕೆ ಕಾಗ್ದ ಬರೀಲಿಲ್ಲ ಅಂತ ಕೇಳು."

ದೊಡ್ಡಪ್ಪ ಮರ ನೋಡಿದ. "ಅಕ್ಕಾ, ನಾನ್ಯಾಕೆ ಬರೀಲಿ ಅಂತ ಕೇಳು."

ಅತ್ತೆ ಹಾಸಿಗೆ ಸುರುಳಿಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂಗೆ ಗಂಟ್ಲು ಕಟ್ಟೈತಪ್ಪ. ಮಾತಾಡಕ್ಕಾಗಲ್ಲ."

ಅಂಚೆ ಕಚೇರಿ ಬಾಗಿಲು ಹಾಕಿತ್ತು!

ಅಪ್ಪನಿಗೆ ರೇಗಿಹೋಯಿತು. "ಹಂಗಂದ್ರೆ ಹೆಂಗಕ್ಕಾ? ಆ ಕಡೆಯೋರು ಬರೀತಾರೆ ಅಂತ ನೀನೇ ತಾನೆ ಹೇಳಿದ್ದು?"

ದೊಡ್ಡಪ್ಪ ಗಕ್ಕನೆ ತಿರುಗಿದ. "ನಿಂಗೂ ಹಂಗೇ ಹೇಳಿದ್ಲಾ?"

"ಹೂಂ. ನಿಂಗೆ?"

"ನಂಗೂ ಹಂಗೇ ಅಂದ್ಲು ಕಣ್ಲಾ! ನೀನು ಬರೀತೀಯ ಅಂದ್ಲು!"

ಆಮೇಲೆ ಇಬ್ಬರಿಗೂ ಗೊತ್ತಾಯಿತು, ಏನಾಗಿಹೋಯಿತು ಎಂದು. ಅಪ್ಪ ಚಪ್ಪಲಿ ನೋಡಿಕೊಂಡ. ದೊಡ್ಡಪ್ಪ ಕೆಮ್ಮಿದ. ಅಮ್ಮ ದೊಡ್ಡಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆದರೆ ಆಡಿದ ಮಾತನ್ನು ವಾಪಸ್ಸು ನುಂಗುವುದು ಹೇಗೆ?

"ಈಗೇನ್ಲಾ ಮಾಡಾದು?" ಎಂದ ದೊಡ್ಡಪ್ಪ, ಮೆಲ್ಲಗೆ.

"ಬಸ್ ಹತ್ತಾಣ ಅಣ್ಣ. ಲಿಂಗದಹಳ್ಳೀಲಿ ಇಳಿದು ಆಮೇಲೆ ನೋಡಾಣ."

ಅಪ್ಪ 'ಅಣ್ಣ' ಎಂದದ್ದನ್ನು ನಾನು ಬುದ್ಧಿ ಬಂದ ಮೇಲೆ ಕೇಳಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಸೇರಿ ಅತ್ತೆಗೆ ಮಂಗಳಾರತಿ ಎತ್ತಿದರು. ಬುದ್ಧಿ ಐತಾ ನಿಂಗೆ, ಹೆಂಗಸ್ರು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗಾಣ ಎಂದು ಒಬ್ಬ ಅರ್ಧ ಬೈದರೆ ಮಿಕ್ಕ ಅರ್ಧವನ್ನು ಇನ್ನೊಬ್ಬ ಬೈಯುತ್ತಿದ್ದ. ಅತ್ತೆ ಹಬ್ಬದ ಊಟ ಮಾಡಿದವಳಂತೆ ಕಣ್ಣು ಅರೆ ಮುಚ್ಚಿಕೊಂಡು ಕೂತಿದ್ದಳು.

ಬಸ್ಸಿನಲ್ಲಿ ಅಣ್ಣತಮ್ಮ ಮೂರು ಜನರ ಸೀಟು ಹಿಡಿದು ಕರೆದರು. "ಬಾ ಅಕ್ಕಾ, ಮಧ್ಯೆ ಕೂತ್ಕ."

"ನೀವಿಬ್ರೇ ಪಕ್ಕಪಕ್ಕ ಕೂತ್ಕಳಿ" ಎಂದವಳೇ ಅತ್ತೆ ನನ್ನ ಹತ್ತಿರ ಬಂದು, "ಸರಿಯೇ ಅತ್ಲಾಗೆ" ಎಂದು ನನ್ನನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ ತಾನು ಕೂತಳು.

"ಅತ್ತೆ, ಬೇಕಂತಲೇ ತಾನೆ?" ಎಂದು ಕಿವಿಯಲ್ಲಿ ಕೇಳಿದೆ.

"ಹೂಂ ಕಣೇ. ಡಾಕ್ಟ್ರು ಹೇಳಿದ್ ದಿನದಿಂದ ಅದೇ ಯೋಚ್ನೆ. ನಾನು ಹೋದ್ರೆ ಇವ್ರಿಬ್ರೂ ನನ್ನ ಹೆಣದ ಆಚೆಗೊಬ್ಬ ಈಚೆಗೊಬ್ಬ ನಿಂತ್ಕಂಡು, 'ಅಕ್ಕಾ, ಹೂವ ತಂದ್ನಾ ಕೇಳು' ಅಂತಿದ್ರಲ್ಲೇ! ನಾನಿಲ್ದೇನೂ ಅವ್ರು ಮಾತಾಡ್ಬೇಕು."

ನಗು ಬಂತು, ಹಿಂದೆಯೇ ಅಳುವೂ ಬಂತು. ಅವಳ ತೋಳಿಗೆ ಒರಗಿ ಕೂತೆ. ಬಸ್ಸು ಒಂದು ತಿರುವು ದಾಟಿತು. ಕಾಡು ಸರಿದು ಕೆಳಗೆ ಇಡೀ ಬಯಲು ತೆರೆದುಕೊಂಡಿತು. ಸಂಜೆ ಬಿಸಿಲಿಗೆ ದೂರದ ಕೆರೆಗಳು ಹೊಳೆಯುತ್ತಿದ್ದವು.

"ಅಯ್ಯೋ!" ಎಂದಳು ಅತ್ತೆ. "ಇಷ್ಟು ಚೆನ್ನಾಗೈತೇನೇ ಇದು?"

"ಒಂಬತ್ತು ವರ್ಷದಿಂದ ಬರ್ತಿದೀಯಲ್ಲ ಅತ್ತೆ!"

"ನಾನೆಲ್ಲಿ ನೋಡ್ದೆ? ನಾನು ಬರೀ ಇವ್ರಿಬ್ರ ಮುಖ ನೋಡ್ತಿದ್ದೆ."

ಹಿಂದಿನ ಸೀಟಿನಲ್ಲಿ ಪಂಪ್‌ಸೆಟ್ಟಿನ ಜಗಳ ಮೊದಲಿನಿಂದ ಶುರುವಾಗಿತ್ತು. ಧ್ವನಿ ಏರುತ್ತಿತ್ತು, ಕಂಡಕ್ಟರು ಕೂಡ ತಿರುಗಿ ನೋಡಿದ. ಅತ್ತೆ ಮಾತ್ರ ಗಲ್ಲವನ್ನು ಕಿಟಕಿಯ ಸರಳಿಗೆ ಆನಿಸಿಕೊಂಡು, ಲಿಂಗದಹಳ್ಳಿ ಬರುವವರೆಗೂ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ.