ನನ್ನ ಕಾರಿನ ಟರ್ಬೋ, ನಮ್ಮ ಮೇಸ್ತ್ರಿ

ಗುಂಡ್ಲುಪೇಟೆಯಲ್ಲಿ ಟ್ಯಾಕ್ಸಿ ಓಡಿಸುವವನಿಗೆ ನಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ, ಬಾನೆಟ್ ಎತ್ತಿದರೆ ಸಾಕು. ನನ್ನ ಸಂಸಾರ ನಡೆಯುವುದು ಒಂದೇ ಒಂದು ಡೀಸೆಲ್ ಕಾರಿನಿಂದ. ಆ ಕಾರು ನಡೆಯುವುದು ಗ್ಯಾರೇಜಿನ ಮೇಸ್ತ್ರಿಯಿಂದ. ಅಂಥ ಕೈ ಚಾಮರಾಜನಗರದವರೆಗೆ ಹುಡುಕಿದರೂ ಸಿಗದು.

೧. ಸುಯ್ಯೆನ್ನುವ ಸದ್ದು

ಒಮ್ಮೆ ಈರುಳ್ಳಿ ಮಂಡಿಯ ಯಜಮಾನರನ್ನು ಕೂರಿಸಿಕೊಂಡು ಹೊರಟಿದ್ದೆ. ಎಂಜಿನ್ ಸಣ್ಣಗೆ ಸುಯ್ ಎನ್ನುತ್ತಿತ್ತು. ಅವರು ಹೆದರಿದ್ದಕ್ಕೆ ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದೆ.

"ಟರ್ಬೋ ಸದ್ದು ಯಜಮಾನ್ರೇ," ಎಂದರು ಮೇಸ್ತ್ರಿ. "ಎಂಜಿನ್ನಿಂದ ಆಚೆಗೋಗೋ ಹೊಗೆ ಒಂದು ಚಕ್ರ ತಿರುಗಿಸ್ತದೆ. ಅದ್ರ ಜೊತೇಲಿರೋ ಇನ್ನೊಂದು ಚಕ್ರ ಹೊಸ ಗಾಳಿನ ಒಳಕ್ಕೆ ತಳ್ತದೆ. ಗಾಳಿ ಜಾಸ್ತಿಯಾದ್ರೆ ಎಳೆತಾನೂ ಜಾಸ್ತಿ."

ಯಜಮಾನರು ಬೆರಗಾಗಿ ನಿಂತರು. "ಸುಮ್ನೆ ಆಚೆಗೋಗೋ ಹೊಗೇಗೂ ಕೆಲ್ಸ ಹಚ್ಚವ್ರಲ್ಲಪ್ಪ. ನಮ್ಮನೇಲಿ ಬಾಮೈದ ಸುಮ್ನೆ ಕುಂತವ್ನೆ, ಅವ್ನಿಗೂ ಒಂದು ಟರ್ಬೋ ಕೂರ್ಸ್‌ಕೊಡ್ತೀಯಾ?"

೨. ಒಂದು ನಿಮಿಷ

"ಜೋರಾಗಿ ಓಡ್ಸಿ ಬಂದ ತಕ್ಷಣ ಆಫ್ ಮಾಡ್ಬೇಡ ಕಣ್ಲಾ," ಎಂದಿದ್ದರು ಮೇಸ್ತ್ರಿ. "ಟರ್ಬೋ ಕಾದಿರ್ತದೆ. ಆಯಿಲ್ ನಿಂತೋದ್ರೆ ಬೇರಿಂಗ್ ಸುಟ್ಟೋಯ್ತದೆ. ಒಂದು ನಿಮಿಷ ಹಂಗೇ ಓಡ್ತಾ ಇರ್ಲಿ."

ಅವರ ಮಾತು ನನಗೆ ವೇದ. ಚಾಮರಾಜನಗರದಿಂದ ಬಂದವನು ಮನೆ ಮುಂದೆ ಎಂಜಿನ್ ಆಫ್ ಮಾಡದೆ ಕೂತೆ. ನಮ್ಮ ಬೀದಿಯಲ್ಲಿ ಗಾಡಿ ಸ್ಟಾರ್ಟಾಗಿದ್ದರೆ ಹೊರಟಿದೆ ಎಂದೇ ಲೆಕ್ಕ. ಪಕ್ಕದ ಮನೆಯ ಅಜ್ಜಿ ಚೀಲ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.

"ಚಾಮರಾಜನಗರಕ್ಕೆ ನಡಿ ಮಗ, ಮಗಳ ಮನೆಗೆ."

"ಅಜ್ಜಿ, ನಾನು ಈಗ್ತಾನೆ ಅಲ್ಲಿಂದ್ಲೇ ಬಂದೆ."

"ಹಂಗಾರೆ ದಾರಿ ಗೊತ್ತದೆ ಬುಡು. ನಡಿ."

೩. ಕೆಂಪು ಗಂಟು

ಆಯುಧಪೂಜೆಯ ಮಾರನೆಯ ದಿನದಿಂದ ಕಾರಿಗೆ ಎಳೆತವೇ ಇಲ್ಲ. ಬಂಡೀಪುರದ ರಸ್ತೆಯಲ್ಲಿ ಈರುಳ್ಳಿ ತುಂಬಿದ ಲಾರಿಯೂ ನನ್ನನ್ನು ಹಿಂದೆ ಹಾಕಿತು. ಮೇಸ್ತ್ರಿ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಬೇರೊಂದು ಗ್ಯಾರೇಜಿನಲ್ಲಿ ತೋರಿಸಿದರೆ ಟರ್ಬೋ ಹೋಗಿದೆ, ಹೊಸದೇ ಹಾಕಬೇಕು ಎಂದರು. ಅದು ನನ್ನ ಕೈಲಾಗದ ಮಾತು. ಕಾರು ಮಾರಬೇಕಾದೀತು ಎಂದು ವಾರವಿಡೀ ನನಗೆ ಊಟ ಸೇರಲಿಲ್ಲ.

ವಾರದ ಮೇಲೆ ಊರಿಂದ ಬಂದ ನಮ್ಮ ಮೇಸ್ತ್ರಿ ಟರ್ಬೋ ಮುಟ್ಟಲೇ ಇಲ್ಲ. "ಮೊದ್ಲು ಗಾಳಿ ಎಲ್ಲಿಂದ ಬತ್ತದೆ ನೋಡನ ತಡಿ," ಎಂದು ಏರ್ ಫಿಲ್ಟರಿಗೆ ಗಾಳಿ ಹೋಗುವ ಕೊಳವೆಯೊಳಗೆ ಕೈ ಹಾಕಿದರು. ಕುಂಕುಮ ಮೆತ್ತಿದ ಕೆಂಪು ಬಟ್ಟೆಯ ಗಂಟೊಂದು ಈಚೆ ಬಂತು. ಮೇಸ್ತ್ರಿ ನಗಲಿಲ್ಲ, ಗಂಟನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಕಾರು ಮೊದಲಿನಂತೆ ನೆಗೆಯಿತು. ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಗಂಟು ನಮ್ಮವ್ವನದು. ಪೂಜೆಯ ದಿನ ಬಾನೆಟ್ಟಿನೊಳಗೆ ದೇವರ ಗೂಡಿನಂಥ ತೂತು ಕಂಡು, ದೃಷ್ಟಿಯಾಗದಿರಲಿ ಎಂದು ತುರುಕಿದ್ದಳಂತೆ.

"ನೋಡವ್ವ, ವಾರದಿಂದ ಕಾರಿಗೆ ಉಸಿರೇ ಇರ್ನಿಲ್ಲ," ಎಂದೆ.

ಅವ್ವ ಗಂಟನ್ನು ಭಕ್ತಿಯಿಂದ ತೆಗೆದುಕೊಂಡಳು. "ವಾರ ಉಸ್ರು ಕಟ್ಟುದ್ರೂವೆ ಗಾಡಿಗೆ ಏನೂ ಆಗ್ನಿಲ್ಲ ಅಂದ್ರೆ, ಗಂಟು ಎಂಥದ್ದು ನೋಡ್ಲಾ. ಬಾನೆಟ್ ತಗಿ, ವಾಪಸ್ ಇಕ್ಬುಡನ."