ಡಾಕ್ಟ್ರ ಕೆಂಪು ಗಾಡಿ ರೇಸಿಗೆ ಹೋದದ್ದು

ಗ್ಯಾರೇಜ್ ನಡೆಸೋ ಮನುಷ್ಯಾಗ ನಗಿ ಹುಡುಕ್ಕೊಂಡು ಹೋಗೋ ಕೆಲಸಿಲ್ಲ. ಅದ ಹಗ್ಗ ಕಟ್ಟಿಸ್ಕೊಂಡು, ಎಳಿಸ್ಕೊಂತ ಬಾಗಿಲಿಗೆ ಬರ್ತೈತಿ. ಆದ್ರ ಬಂದಾಗ ಅದು ನಗಿ ಅಂತ ಗೊತ್ತಾಗಂಗಿಲ್ಲ ನೋಡ್ರಿ. ಎದಿ ಡವಡವ ಅಂತಿರ್ತೈತಿ, ಬಾಯಿ ಒಣಗಿರ್ತೈತಿ. ನಗು ಬರೋದು ಆರು ತಿಂಗಳಾದ ಮ್ಯಾಲ. ಹೋದ ವರ್ಷ ಹರಪನಹಳ್ಳಿ ಡಾಕ್ಟ್ರು ತಮ್ಮ ಇಟಲಿ ಗಾಡೀನ ಕೊಟ್ಟೂರಾಗಿನ ನನ್ನ ಶೆಡ್ಡಿಗೆ ತಂದು ಇಳಿಸಿದ್ದು ನೆನಸ್ಕೊಂಡ್ರ ಈಗಷ್ಟ ನಗಾಕ ಬರಾಕತ್ತೈತಿ.

ಇಷ್ಟೋ, ಇನ್ನೂ ಬೆಳಿತೈತೋ

ಗಾಡಿ ಬಂದದ್ದು ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ, ತಾಡಪಾಲು ಹೊದ್ದು. ಎರಡ ಸೀಟು, ಕೆಂಪು ಬಣ್ಣ, ನನ್ನ ಸೊಂಟದ ತನಕಾನೂ ಬರಂಗಿಲ್ಲ. ಗಣಿ ಕೆಲಸಕ್ಕ ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬಾತಗ ಡಾಕ್ಟ್ರು ವಿಷಮಜ್ವರ ವಾಸಿ ಮಾಡಿದ್ರಂತ. ಆತ ಊರಿಗೆ ಹೋಗೋವಾಗ ಇದನ್ನ ಇವರಿಗೆ ಕೊಟ್ಟು ಹೋಗಿದ್ದ. ಅವತ್ತಿಂದ ಮೂವತ್ತು ವರ್ಷ ದನದ ಕೊಟ್ಟಿಗ್ಯಾಗ ಇತ್ತು. ಡಾಕ್ಟ್ರಿಗೆ ಓಡಿಸಾಕ ಪುರಸೊತ್ತೆಲ್ಲಿತ್ತು? ಹರಪನಹಳ್ಳಿ ಸೀಮಿಯಾಗ ಅರ್ಧ ಮಂದಿ ಅವರ ಕೈಯಾಗ ಹುಟ್ಟಿದವರ.

"ಮೇಸ್ತ್ರಿ, ಬರೋ ತಿಂಗಳು ಬಳ್ಳಾರಿ ಆಚಿಗೆ ಹಳೇ ಗಾಡಿಗಳ ರೇಸ್ ಐತಿ. ಒಂದು ಸಲ ಇದನ್ನ ಓಡಿಸ್ಬೇಕೋ" ಅಂದ್ರು.

ಹಿಂದ ಅವರ ಮನಿಯವರು, ಅಮ್ಮಾರು, ನಿಂತಿದ್ರು. "ನನ್ನ ಮಾತೂ ಕೇಳಿಬಿಡು ಮೇಸ್ತ್ರಿ. ಹತ್ತು ಸುತ್ತು ಪೂರ್ತಿ ಓಡಿ ಬಂದ್ರ ಗಾಡಿ ಮನಿಯಾಗ ಇರ್ಲಿ. ನಡುವ ಎಲ್ಲ್ಯರ ನಿಂತ್ರ ಅಲ್ಲೇ ಮಾರಿ ಬರೋದು. ಇವರಿಗೆ ಎಪ್ಪತ್ತು ದಾಟ್ಯಾವ, ರಿಪೇರಿ ಅಂತ ಇದರ ಕೆಳಗ ಮಲಗ್ತಾರ, ಆಮ್ಯಾಲ ಎಬ್ಬಿಸಾಕ ನಾ ಓಣಿ ಮಂದೀನ ಕರೀಬೇಕು."

ಡಾಕ್ಟ್ರು ಬಾನೆಟ್ ಮ್ಯಾಲ ಕೈ ಆಡಿಸ್ಕೊಂತ ನಿಂತ್ರು. ಆ ಮುಖ ನೋಡಿ ನನಗ ಕರುಳು ಚುರ್ ಅಂತು. ನಾನು ಕಲಿತದ್ದು ಹಳೇ ಟ್ಯಾಕ್ಸಿ ಮ್ಯಾಲ, ಈಗ ಮಾಡೋದು ಟ್ರ್ಯಾಕ್ಟರ್. "ಆತ್ರಿ ಸಾಹೇಬ್ರ" ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

ಟ್ರ್ಯಾಕ್ಟರ್ ರಿಪೇರಿಗೆ ಅಂತ ಕೂಡ್ಲಿಗಿ ಕಡೆಯ ಮುದುಕ ಒಬ್ಬಾತ ಕುಂತಿದ್ದ. ಎದ್ದು ಬಂದು ಗಾಡೀನ ಒಂದು ಸುತ್ತು ಹಾಕಿ ನೋಡಿ ಕೇಳಿದ: "ಡಾಕ್ಟ್ರ, ಇದು ಇಷ್ಟೋ, ಇನ್ನೂ ಬೆಳಿತೈತೋ?"

ತೂಕದ ಚೀಟಿ

ಎಂಜಿನ್ ಬಿಚ್ಚಿ ಹೊಂದಿಸೋದ್ರಾಗ ಮೂರು ವಾರ ಹೋತು. ಎಂಟ ದಿನ ಉಳಿದಿತ್ತು. ರೇಸಿನವರು ಹೇಳಿ ಕಳಿಸಿದ್ರು: ಬ್ಯಾಡಾದ್ದೆಲ್ಲ ಬಿಚ್ಚಿ ತೂಕ ಇಳಿಸ್ರಿ, ತೂಕದ ಚೀಟಿ ತರ್ರಿ. ನಾನು ಸ್ಟೆಪ್ನಿ ತಗದೆ, ಮ್ಯಾಟ್ ತಗದೆ, ಕನ್ನಡಿ ತಗದೆ, ಹಾರ್ನ್ ತಗದೆ. ಸಂಜಿಗೆ ಡಾಕ್ಟ್ರು ಬಂದು ಕನ್ನಡಿ, ಹಾರ್ನ್ ಎರಡೂ ತಿರುಗಿ ಹಾಕಿಸಿದ್ರು.

"ರೇಸಿನ್ಯಾಗ ಹಾರ್ನ್ ಯಾರಿಗ್ರಿ?"

"ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗೀನಿ. ಹಾರ್ನ್ ಇಲ್ಲದ ಗಾಡಿ ಹತ್ತಂಗಿಲ್ಲ. ಕುರಿ ಅಡ್ಡ ಬಂದ್ರ? ಮತ್ತ ಹಿಂದ ಬರೋರನ್ನ ನೋಡಾಕ ಕನ್ನಡಿ ಬೇಕಲ್ಲೋ."

ಅಲ್ಲ, ರೇಸಿನ್ಯಾಗ ಕುರಿ! ಆದ್ರೂ ಹಿರಿಯರು, ಎರಡರದ್ದೂ ಸ್ಕ್ರೂ ಬಿಗದೆ.

ಮಾರನೇ ದಿನ ಲಾರಿ ತೂಕದ ಕಟ್ಟಿಗೆ ಒಯ್ದ್ವಿ. ತೂಕದಾತ ಹೊರಗ ಬಂದು, "ಲೋಡ್ ಎಲ್ಲೈತ್ರಿ?" ಅಂದ. "ಇದ ಲೋಡು" ಅಂದೆ. ಕೈಯಿಂದ ಬರದು ಚೀಟಿ ಕೊಟ್ಟ. ನೋಡಿದ್ರ ನನ್ನ ಅಂದಾಜಿಗಿಂತ ನಲವತ್ತು ಕಿಲೋ ಕಡಿಮಿ! ಡಾಕ್ಟ್ರು ನನ್ನ ತೆಕ್ಕಿ ಬಡದ್ರು. ನಾನು ಮಾತ್ರ ಚೀಟಿ ಮತ್ತೊಮ್ಮೆ ಓದಿದೆ. ಅಷ್ಟು ಕಡಿಮಿ ಆಗ್ಬೇಕಂದ್ರ ಯಾವುದೋ ದೊಡ್ಡ ಸಾಮಾನ ಹಾಕೋದು ಮರತೀನಿ ಅಂತ ಅರ್ಥ. ಅಲ್ಲೇ ಗಾಡಿ ಕೆಳಗ ನುಗ್ಗಿ ಒಂದೊಂದ ನಟ್ಟು ಮುಟ್ಟಿ ನೋಡಿದೆ. ಎಲ್ಲ ಐತಿ. ಬೆವರು ಒರಸ್ಕೊಂಡು ತೂಕದಾತನ್ನ ಕೇಳಿದೆ.

"ಚೀಲದ ತೂಕ ಕಳದೀನ್ರಿ" ಅಂದ ಆತ. "ಸ್ವಲ್ಪ ತೇವದ್ದೂ ಕಳದೀನಿ. ಇಪ್ಪತ್ತು ವರ್ಷ ಶೇಂಗಾ ತೂಗಿದ ಕೈ, ನಿಮ್ಮದು ಒಣಾ ಮಾಲು ಅಂತ ಮೊದ್ಲ ಹೇಳ್ಬಾರ್ದ?"

ನವಣಿ

ಟ್ರಯಲ್ ನೋಡಾಕ ನೀಲಗುಂದದ ಕಡೆ ಹೋದ್ವಿ. ಡಾಕ್ಟ್ರು ಸ್ಟೇರಿಂಗ್ ಹಿಡಿದಿದ್ರು, ನಾನು ಬಾಜೂಕ. ಗಾಡಿ ಏನ್ ಓಡ್ತಿತ್ತಂತೀರಿ! ಒಂದು ತಿರುವು ದಾಟಿದ್ವಿ, ಮುಂದ ರಸ್ತಿ ತುಂಬ ನವಣಿ ತೆನಿ ಹರವ್ಯಾರ. ನಮ್ಮ ಕಡೆ ಸುಗ್ಗಿಯಾಗ ರಸ್ತೀನ ಕಣ, ಹೋಗೋ ಬರೋ ಗಾಡೀನ ಒಕ್ಕಲು ಎತ್ತು. ಬಸ್ಸು, ಲಾರಿ ಆರಾಮ ದಾಟ್ತಾವ. ನಮ್ಮದು ಹೊಟ್ಟಿ ಎಳಕೊಂಡು ಹೋಗೋ ಗಾಡಿ. ಅರ್ಧ ರಾಶಿ ಕೆಳಗ ತುಂಬ್ಕೊಂಡು ನಿಂತ್ಕೊಂತು.

ಸೈಲೆನ್ಸರ್ ಕೆಂಡ ಆಗಿತ್ತು. ಕೆಳಗಿಂದ ಹೊಗಿ ಬಂತು. ಮ್ಯಾಲ ತುಂಬಿದ ಪೆಟ್ರೋಲ್ ಟ್ಯಾಂಕು. "ಇಳೀರಿ ಸಾಹೇಬ್ರ!" ಅಂತ ಅವರ ರೆಟ್ಟಿ ಹಿಡಿದು ಎಳದೆ. ಹೊಲದಾಕಿ ಓಡಿ ಬಂದು, ಕುಡಿಯಾಕ ಇಟ್ಕೊಂಡಿದ್ದ ಕೊಡದ ನೀರು ಪೂರ್ತಿ ಸುರುವಿದ್ಲು. ಚುಂಯ್ ಅಂತ ಹೊಗಿ ಆರ್ತು.

ಆಮ್ಯಾಲ ಶುರುವಾತು ಬೈಗಳು. ಎಲ್ಲಾ ನನಗ. ಡಾಕ್ಟ್ರಿಗೆ ಒಂದ ಮಾತಿಲ್ಲ, ಯಾಕಂದ್ರ ಆಕಿ ಮೂರೂ ಹೆರಿಗಿ ಅವರ ಮಾಡ್ಸಿದ್ರಂತ. ಜಾಕ್ ಹಚ್ಚಿ, ಗಾಡಿ ಎತ್ತಿ, ಕೆಳಗಿನ ನವಣಿ ಎಲ್ಲಾ ಗೋರಿ ಆಕಿ ಕೇರೋ ಮರಕ್ಕ ಹಾಕಿದೆ. ಆಕಿ ಕೇರಿ, ನಾಕು ಕಾಳು ಬಾಯಿಗೆ ಹಾಕ್ಕೊಂಡು ಅಗದು ಅಂದ್ಲು: "ಒಕ್ಕಿದ್ದೂ ಆತು, ಹುರದದ್ದೂ ಆತು. ಇನ್ನೊಂದು ಸಲ ಹಾಯಿಸಿ ಬೀಸಿ ಕೊಟ್ಟು ಹೋಗು, ನಿನ್ನ ಗಾಡಿ ಸುಡ್ಲಿ!"

ಒಂದು ಮೊಳ ಮಲ್ಲಿಗಿ

ರೇಸಿನ ದಿನ ಮುಂಜಾನೆ. ಯಾವ ಕಾಲದಾಗೋ ವಿಮಾನ ಇಳೀತಿದ್ದ ಬಯಲು. ಗಾಡಿ ತಪಾಸಣೆ ಮಾಡೋ ಸಾಹೇಬ್ರು ಪ್ಯಾಡ್ ಹಿಡ್ಕೊಂಡು ಬಂದ್ರು. "ಸ್ಟಾರ್ಟ್ ಮಾಡ್ರಿ." ಮಾಡಿದೆ. ಗಾಡಿ ಕೆಮ್ಮಿತು, ನಡುಗಿತು, ಬಂದ್ ಆತು. ಮತ್ತ ಮಾಡಿದೆ, ಮತ್ತ ಬಂದ್. ನಿನ್ನೆ ಸಂಜಿ ತನಕ ಗಡಿಯಾರದಂಗ ನಡದಿತ್ತು! ಸಾಹೇಬ್ರು ಹೊಗಿ ಮೂಸಿ ನೋಡಿ ಮುಖ ಗಂಟು ಹಾಕಿದ್ರು. "ಪೆಟ್ರೋಲಿಗೆ ಏನೋ ಬೆರಸೀರಿ. ಬೆರಕಿ ಮಾಡಿದ್ರ ರೇಸಿಗೆ ಬಿಡಂಗಿಲ್ಲ."

ಡಾಕ್ಟ್ರ ಮುಖ ಬೆಳ್ಳಗಾತು. ನಾನು ಬಾನೆಟ್ ತಗದು, ಕಾರ್ಬೊರೇಟರ್ ಗಾಳಿ ಎಳಕೊಳ್ಳೋ ಬಾಯಿಗೆ ಬೆರಳು ಹಾಕಿದೆ. ದಾರ ಸಿಕ್ತು. ಎಳದೆ. ಬಂತು, ಬಂತು, ಬರಾಕತ್ತಿತ್ತು. ಒಂದು ಮೊಳ ಹಡಗಲಿ ಮಲ್ಲಿಗಿ! ಮುಂಜಾನೆ ಪೂಜಿ ಮಾಡಿ, ಹೊರಗ ಕಟ್ಟಿದ್ರ ಗಾಳಿಗೆ ಹಾರ್ತೈತಿ ಅಂತ ಅಮ್ಮಾರು ಒಳಗ ಏರಿಸಿದ್ರಂತ.

ಸಾಹೇಬ್ರು ಹೂವು ನೋಡಿದ್ರು, ಅಮ್ಮಾರನ್ನ ನೋಡಿದ್ರು. ಅಮ್ಮಾರು ಬುಟ್ಟಿಯಿಂದ ಇನ್ನೊಂದು ಮೊಳ ತಗದು, "ಇದು ತಾಜಾ ಐತ್ರಿ, ನಿಮ್ಮ ಗಾಡಿಗೂ ಏರಿಸ್ಲೇನು?" ಅಂದ್ರು. ಸಾಹೇಬ್ರು ಎರಡೂ ಕೈ ಅಡ್ಡ ಹಿಡಿದು, ಪಾಸ್ ಅಂತ ಬರದು, ತಮ್ಮ ಗಾಡಿ ಬಾನೆಟ್ ಗಟ್ಟಿಯಾಗಿ ಮುಚ್ಚೈತೋ ಇಲ್ಲೋ ನೋಡಾಕ ಹೋದ್ರು.

ಹತ್ತನೇ ಸುತ್ತು

ಆರು ಗಾಡಿ ಬಿಟ್ರು. ಮೊದಲನೇ ಸುತ್ತಿನ್ಯಾಗ ನಮ್ಮದು ಕಡೇದು. ಐದನೇದಕ್ಕ ಮೂರನೇದು. ಎಂಟನೇದಕ್ಕ ಎಲ್ಲಾರಿಗಿಂತ ಮುಂದ! ನಾನು ಕುಣಿಯಾಕತ್ತಿದ್ದೆ. ಅಮ್ಮಾರು ಮಾತ್ರ ತಂತಿ ಬೇಲಿ ಹಿಡ್ಕೊಂಡು, "ಗೆಲ್ಲೋದು ಬ್ಯಾಡ, ನಿಲ್ಲದಿದ್ರ ಸಾಕು" ಅಂತಿದ್ರು. ಮಾರಿಸ್ತೀನಿ ಅಂದವರೂ ಅವರ, ಹಲ್ಲು ಕಚ್ಕೊಂಡು ಬೇಡ್ಕೊಳ್ಳೋರೂ ಅವರ.

ಹತ್ತನೇ ಸುತ್ತು. ಮುಗಿಯಾಕ ಇನ್ನು ಒಂದ ನೇರ ದಾರಿ. ನಮ್ಮ ಹಿಂದ ಒಂದು ಹಳದಿ ಗಾಡಿ ಅಂಟ್ಕೊಂಡಿತ್ತು. ಇದ್ದಕ್ಕಿದ್ದಂಗ ಕೆಂಪು ಗಾಡಿ ಸ್ಪೀಡ್ ಇಳೀತು. ಎಡಕ್ಕ ಸರೀತು, ಮಣ್ಣಿಗೆ ಇಳೀತು, ಧೂಳು ಎದ್ದಿತು. ಮುಗೀತು ಅಂದ್ಕೊಂಡೆ. ಕಣ್ಣಾಗ ನೀರು ಬಂತ್ರಿ, ಸುಳ್ಳು ಯಾಕ ಹೇಳ್ಲಿ. ಅಮ್ಮಾರು ನನ್ನ ಕಡೆ ತಿರುಗಿದ್ರು. ಹಳದಿ ಗಾಡಿ ಭರ್ ಅಂತ ದಾಟಿ ಹೋತು.

ಆಮ್ಯಾಲ ಧೂಳಿನೊಳಗಿಂದ ನಮ್ಮ ಗಾಡಿ ಹೊರಗ ಬಂತು. ಮತ್ತ ಸ್ಪೀಡ್ ಹಿಡೀತು. ಎರಡನೇದಾಗಿ ಗೆರಿ ದಾಟ್ತು. ನಾನು ಓಡಿ ಹೋಗಿ ಬಾನೆಟ್ ಹಿಡ್ಕೊಂಡೆ.

"ಏನ್ ಕೆಡ್ತ್ರಿ ಸಾಹೇಬ್ರ? ಕ್ಲಚ್ಚೋ, ಗೇರೋ?"

"ಏನೂ ಕೆಟ್ಟಿಲ್ಲೋ. ಬೆಣ್ಣಿ ಹಂಗ ಓಡ್ತು."

"ಮತ್ತ ಸೈಡಿಗೆ ಯಾಕ ಇಳಿಸಿದ್ರಿ?"

ಡಾಕ್ಟ್ರು ಹೆಲ್ಮೆಟ್ ತಗದು, ನನಗ ತಿಳುವಳಿಕಿನ ಇಲ್ಲ ಅನ್ನೋವಂಗ ನೋಡಿದ್ರು. "ಕನ್ನಡಿಯಾಗ ನೋಡಿದೆ. ಹಿಂದಿನಾತ ಒಂದ ಸಮ ಹಾರ್ನ್ ಹೊಡಿಯಾಕತ್ತಿದ್ದ, ಹಗಲೊತ್ತಿನ್ಯಾಗ ಲೈಟ್ ಬೇರೆ ಹಾಕಿದ್ದ. ಹೆರಿಗಿ ಕೇಸ್ ಇದ್ದೀತು ಅಂತ ದಾರಿ ಬಿಟ್ಟೆ."

ನಾನು ಅಲ್ಲೇ ನೆಲಕ್ಕ ಕುಂತುಬಿಟ್ಟೆ. ಅಮ್ಮಾರು ಸೆರಗಿನಿಂದ ಕಣ್ಣು ಒರಸ್ಕೊಂಡು ಬಂದು, ಗಂಡನ ತಲಿ ಮ್ಯಾಲಿನ ಧೂಳು ಝಾಡಿಸಿದ್ರು.

"ಹತ್ತು ಸುತ್ತು ಆತು. ಗಾಡಿ ಮನಿಗೆ ಬರ್ಲಿ" ಅಂದ್ರು. "ಆದ್ರ ಮೊದ್ಲು ಹೋಗಿ ಆ ಹಳದಿ ಗಾಡಿಯಾತನ್ನ ಕೇಳ್ಕೊಂಡು ಬರ್ರಿ, ಹುಟ್ಟಿದ್ದು ಗಂಡೋ ಹೆಣ್ಣೋ."